ಅರ್ಧ ಮೈಲಿಯ ಪದಕಕ್ಕೆ ಎಟುಕದ ಕಡಲು

ಹವಾಯಿಯ ಹೈಸ್ಕೂಲ್ ಮಕ್ಕಳ ರಾಜ್ಯಮಟ್ಟದ ದೋಣಿ ಸ್ಪರ್ಧೆ ಮುಗಿಯಲು ಹೆಚ್ಚು ಹೊತ್ತು ಬೇಡ. ಅರ್ಧ ಮೈಲಿ ದೂರ, ಬಾವುಟ ಸುತ್ತಿ ವಾಪಸ್, ಒಟ್ಟು ನಾಲ್ಕು ನಿಮಿಷದ ಆಸುಪಾಸು. ಹೊನಲುಲುವಿನ ಕೆಎಹಿ ಲಗೂನಿನಲ್ಲೋ ಹಿಲೋ ಕೊಲ್ಲಿಯಲ್ಲೋ, ದೊಡ್ಡ ಅಲೆ ನುಗ್ಗದ ನೀರಿನಲ್ಲಿ ಇದು ನಡೆಯುತ್ತದೆ. ಇದೇ ದೋಣಿ, ಇದೇ ಹುಟ್ಟು ಹಿಡಿದು ದೊಡ್ಡವರು ಮೊಲೊಕಾಯಿಯಿಂದ ಒವಾಹು ದ್ವೀಪಕ್ಕೆ ಕೈವಿ ಕಡಲ್ಗಾಲುವೆ ದಾಟುತ್ತಾರೆ. ಅದು ಸುಮಾರು 41 ಮೈಲಿ, ಅಂದರೆ 66 ಕಿಲೋಮೀಟರ್. ಶಾಲೆ ಕೊಡುವ ಪದಕಕ್ಕೂ ಕಡಲು ಕೇಳುವ ಸಾಮರ್ಥ್ಯಕ್ಕೂ ನಡುವೆ ಉಳಿದಿರುವ ಅಂತರ ಎಷ್ಟೆಂದು ಈ ಎರಡು ಸಂಖ್ಯೆಗಳೇ ಹೇಳುತ್ತವೆ. ಶಾಲಾ ವಯಸ್ಸಿನಲ್ಲೇ ನಡುಗಡಲಿನ ಹುಟ್ಟುಗಾರಿಕೆಯಲ್ಲಿ ಪಳಗಿದ ಮಕ್ಕಳನ್ನು ಹೇಗೆ ಗುರುತಿಸಬೇಕು ಎಂಬ ಪ್ರಶ್ನೆ ಅಲ್ಲಿ ಇವತ್ತಿಗೂ ಜೀವಂತವಾಗಿರುವುದಕ್ಕೆ ಎರಡು ಶತಮಾನದ ಕಥೆಯಿದೆ.

ಕಾರವಾರದ ಕಡೆ, ಒಂದು ಪಕ್ಕಕ್ಕೆ ಮರದ ತೇಲುತುಂಡು ಕಟ್ಟಿದ ಸಣ್ಣ ಮೀನುದೋಣಿ ನೋಡಿದವರಿಗೆ ಹವಾಯಿಯ ದೋಣಿಯ ಸ್ವರೂಪ ಬೇಗ ಅರ್ಥವಾಗುತ್ತದೆ. ಅವರ ಭಾಷೆಯಲ್ಲಿ ದೋಣಿ 'ವಾ', ಪಕ್ಕದ ತೇಲುತುಂಡು 'ಅಮಾ', ಎರಡನ್ನೂ ಬಿಗಿಯುವ ಅಡ್ಡಮರ 'ಇಯಾಕೊ'. ಒಂದರ ಹಿಂದೆ ಒಂದರಂತೆ ಆರು ಆಸನ. ಮೊದಲನೆಯವರು ಲಯ ಹಿಡಿಯುತ್ತಾರೆ, ನಡುವಿನವರು ಬಲ ಕೊಡುತ್ತಾರೆ. ಹುಟ್ಟನ್ನು ಎಡದಿಂದ ಬಲಕ್ಕೆ ಬದಲಿಸುವ ಕೂಗು ನಡುವಿನಿಂದಲೇ ಏಳುತ್ತದೆ. ಆರನೆಯವರದು ಚುಕ್ಕಾಣಿ. ಆ ಆಸನದ ವಿಷಯಕ್ಕೆ ಮತ್ತೆ ಬರುತ್ತೇನೆ.

1820ರಲ್ಲಿ ಅಮೆರಿಕದ ಮಿಷನರಿಗಳು ಬಂದಿಳಿದಾಗ ಅಲೆಸವಾರಿ, ದೋಣಿಪಂದ್ಯ, ಅದರ ಮೇಲಿನ ಬಾಜಿ ಎಲ್ಲವೂ ಅವರ ಕಣ್ಣಿಗೆ ಸೋಮಾರಿಗಳ ಕೆಲಸವಾಗಿ ಕಂಡವು. ಜತೆಗೆ ಹಡಗುಗಳಲ್ಲಿ ಬಂದ ರೋಗಗಳು ಜನರನ್ನೇ ನುಂಗಿದವು. 1890ರ ದಶಕದ ಹೊತ್ತಿಗೆ ಮೂಲನಿವಾಸಿಗಳ ಸಂಖ್ಯೆ ಸುಮಾರು 40,000ಕ್ಕೆ ಇಳಿದಿತ್ತು. ಹುಟ್ಟು ಹಿಡಿಯುವ ಕೈಗಳೇ ಉಳಿಯದ ಮೇಲೆ ಪಂದ್ಯದ ಮಾತೆಲ್ಲಿ? ರಾಜ ಕಲಾಕೌವ ಹುಲಾ ನೃತ್ಯದೊಂದಿಗೆ ದೋಣಿಪಂದ್ಯಕ್ಕೂ ಮತ್ತೆ ಗೌರವ ತಂದ. ಆದರೆ 1893ರಲ್ಲಿ ರಾಜ್ಯವೇ ಹೋಯಿತು. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಕಲಿಕೆಯ ಮಾಧ್ಯಮವಾಗಿಸಿತು. ಈ ಇಸವಿಯನ್ನು ನೆನಪಿಡಬೇಕು. ಹವಾಯಿಯ ಮಗುವಿನ ಬಾಯಿಂದ ತಾಯಿನುಡಿ ಕಿತ್ತುಕೊಂಡದ್ದು ಶಾಲೆ. ಅದೇ ಶಾಲೆ ನೂರು ಚಿಲ್ಲರೆ ವರ್ಷಗಳ ನಂತರ ಆ ಮಗುವಿನ ಮೊಮ್ಮಕ್ಕಳ ಕೈಗೆ ಹುಟ್ಟು ಕೊಟ್ಟಿತು. ಆಟವೊಂದಕ್ಕೆ ಶಾಲಾ ಮಾನ್ಯತೆ ಸಿಕ್ಕರೆ ಅಲ್ಲಿನ ಹಿರಿಯರ ಕಣ್ಣು ಏಕೆ ಒದ್ದೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ನನಗೆ ಬೇಕಿಲ್ಲ.

ಈ ನಡುವಿನ ಕಾಲದಲ್ಲಿ ದೋಣಿಯನ್ನು ಕಾಪಾಡಿದ್ದು ಕ್ಲಬ್ಬುಗಳು. 1908ರಲ್ಲಿ ವೈಕಿಕಿಯಲ್ಲಿ ಔಟ್‌ರಿಗರ್ ಕೆನೂ ಕ್ಲಬ್ ಶುರುವಾಯಿತು. ಮುಂದೆ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಈಜಿನ ಚಿನ್ನ ಗೆದ್ದ ಡ್ಯೂಕ್ ಕಹನಾಮೊಕು ಮತ್ತು ಗೆಳೆಯರು ಹುಯಿ ನಲು ಎಂಬ ಇನ್ನೊಂದು ಕ್ಲಬ್ ಕಟ್ಟಿದರು. 1952ರಲ್ಲಿ ಟೂಟ್ಸ್ ಮಿನ್ವಿಯೆಲ್ ಎಂಬವರ ಹಟದಿಂದ ಕೈವಿ ದಾಟುವ ಮೊದಲ ಪಂದ್ಯ ನಡೆಯಿತು. ಹೊರಟದ್ದು ಮೂರೇ ದೋಣಿ. ಗೆದ್ದದ್ದು ಮೊಲೊಕಾಯಿಯ ತಂಡ, ತಗುಲಿದ ಸಮಯ 8 ಗಂಟೆ 55 ನಿಮಿಷ. 'ಮೊಲೊಕಾಯಿ ಹೊಎ' ಎಂದು ಹೆಸರಾದ ಈ ಪಂದ್ಯವನ್ನು ಈಗಿನ ಅಗ್ರ ತಂಡಗಳು ಐದು ಗಂಟೆಯೊಳಗೇ ಮುಗಿಸುತ್ತವೆ.

ಹೆಣ್ಣುಮಕ್ಕಳಿಗೆ ಈ ದಾರಿ ತಡವಾಗಿ ತೆರೆಯಿತು. ಕೈವಿ ಅವರಿಂದಾಗದು ಎಂಬ ಮಾತು ದಶಕಗಟ್ಟಲೆ ನಡೆಯಿತು. 1975ರಲ್ಲಿ ಮಹಿಳೆಯರ ಎರಡು ತಂಡಗಳು ಯಾವ ಅಧಿಕೃತ ಪಂದ್ಯಕ್ಕೂ ಕಾಯದೆ ದಾಟಿ ತೋರಿಸಿದವು. ಹ್ಯಾನಿ ಆಂಡರ್ಸನ್ ಮೊದಲಾದವರು ಬಿಡದೆ ದುಡಿದದ್ದರಿಂದ 1979ರಲ್ಲಿ 'ನಾ ವಹಿನೆ ಒ ಕೆ ಕೈ', ಅಂದರೆ ಕಡಲಿನ ಹೆಂಗಸರು, ಎಂಬ ಪಂದ್ಯ ಹುಟ್ಟಿತು. ಮೊದಲ ಗಂಡಸರ ಪಂದ್ಯಕ್ಕೂ ಇದಕ್ಕೂ 27 ವರ್ಷದ ಅಂತರ. ಶಾಲಾ ಕ್ರೀಡೆಯಲ್ಲಿ ಹುಡುಗಿಯರಿಗೆ ಸಮಪಾಲು ಕೊಡಿಸಿದ ಅಮೆರಿಕದ 1972ರ ಕಾನೂನು 'ಟೈಟಲ್ ನೈನ್'ನ ಹಿಂದಿನ ಮುಖ್ಯ ದನಿಗಳಲ್ಲೊಬ್ಬರು ಮಾವಿ ದ್ವೀಪದಲ್ಲೇ ಹುಟ್ಟಿದ ಸಂಸದೆ ಪ್ಯಾಟ್ಸಿ ಮಿಂಕ್.

1976ರಲ್ಲಿ ಹೊಕುಲೆಅ ಎಂಬ ಜೋಡಿದೋಣಿ ಯಾವ ಉಪಕರಣವೂ ಇಲ್ಲದೆ, ಮೈಕ್ರೊನೇಷ್ಯಾದ ನಾವಿಕ ಮೌ ಪಿಯೈಲುಗ್ ಅವರ ನಕ್ಷತ್ರಜ್ಞಾನವನ್ನೇ ನಂಬಿ ದೂರದ ತಹಿತಿ ದ್ವೀಪ ಮುಟ್ಟಿತು. ಪೂರ್ವಿಕರು ದಿಕ್ಕುತಪ್ಪಿ ತೇಲಿಬಂದವರಲ್ಲ, ತಿಳಿದೇ ಬಂದವರು ಎಂದು ಆ ಪಯಣ ಇಡೀ ಪೀಳಿಗೆಗೆ ಮನದಟ್ಟು ಮಾಡಿತು. 1978ರಲ್ಲಿ ಹವಾಯಿ ಭಾಷೆ ಅಧಿಕೃತವಾಯಿತು. 1986ರಲ್ಲಿ ದೋಣಿ ಹುಟ್ಟುಗಾರಿಕೆ ರಾಜ್ಯದ ಅಧಿಕೃತ ತಂಡಕ್ರೀಡೆಯಾಯಿತು. ಆದರೂ ಹೈಸ್ಕೂಲ್ ಅಥ್ಲೆಟಿಕ್ ಅಸೋಸಿಯೇಷನ್ನಿನ ರಾಜ್ಯ ಚಾಂಪಿಯನ್‌ಶಿಪ್ ಪಟ್ಟಿಗೆ ಅದು ಸೇರಿದ್ದು 2002ರಲ್ಲಿ. ರಾಜ್ಯದ ಕ್ರೀಡೆ ಎನಿಸಿಕೊಂಡ ಮೇಲೂ ಶಾಲೆಯ ಬಾಗಿಲಲ್ಲಿ ಹದಿನಾರು ವರ್ಷ ಕಾಯಬೇಕಾಯಿತು.

ಒಳಗೆ ಬಂದದ್ದೂ ಅರ್ಧ ಮಾತ್ರ. ಲಗೂನಿನ ಸ್ಪರ್ಧೆ ಬಂತು, ಕಡಲಿನದು ಹೊರಗೇ ಉಳಿಯಿತು. ಇದರಲ್ಲಿ ಶಾಲೆಗಳ ತಪ್ಪೆಂದು ನಾನು ಹೇಳುವುದಿಲ್ಲ. ನಡುಗಡಲಿಗೆ ಇಳಿದರೆ ಪ್ರತಿ ದೋಣಿಗೂ ಬೆಂಗಾವಲು ಬೋಟು ಬೇಕು, ನೀರಿನಲ್ಲೇ ಆಳು ಬದಲಿಸಬೇಕು. ಮೊಲೊಕಾಯಿ ಹೊಎಯಲ್ಲಿ ಆರು ಆಸನಕ್ಕೆ ಒಂಬತ್ತು ಜನ. ಬೋಟಿನಿಂದ ಕಡಲಿಗೆ ಜಿಗಿದವರು ಸಾಗುತ್ತಿರುವ ದೋಣಿಯ ಅಂಚು ಹಿಡಿದು ಏರುತ್ತಾರೆ, ಇಳಿಯುವವರು ಆಚೆ ಬದಿಯಿಂದ ನೀರಿಗೆ ಬೀಳುತ್ತಾರೆ. ಹದಿನೈದು ವರ್ಷದವರನ್ನು ಹಾಗೆ ಇಳಿಸುವ ಹೊಣೆ ಯಾವ ಮುಖ್ಯೋಪಾಧ್ಯಾಯರಿಗೂ ಹಗುರವಲ್ಲ. ಹಾಗಾಗಿ ಕಡಲಿನ ಪಾಠ ಕ್ಲಬ್ಬಿನ ಪಾಲಿಗೇ ಉಳಿದಿದೆ. ಚಳಿಗಾಲದಲ್ಲಿ ಶಾಲೆಯ ಬಣ್ಣ ತೊಡುವ ಮಕ್ಕಳೇ ಬೇಸಿಗೆಯಲ್ಲಿ ಕ್ಲಬ್ಬಿನ ದೋಣಿ ಹತ್ತುತ್ತಾರೆ.

ಆಯ್ಕೆಯ ತೊಡಕು ಇನ್ನೊಂದು. ಫುಟ್‌ಬಾಲಿನಲ್ಲಿ ಗೋಲು ಹೊಡೆದವರ ಹೆಸರು ಸಿಗುತ್ತದೆ. ಆರು ಜನ ಒಂದೇ ಲಯಕ್ಕೆ ಎಳೆದ ದೋಣಿಯಲ್ಲಿ ಮಿಗಿಲು ಯಾರು? ಎದ್ದು ಕಾಣುವ ಹುಟ್ಟುಗಾರನಿದ್ದರೆ ಲಯ ಮುರಿದಿದೆ ಎಂದೇ ಅರ್ಥ. ತರಬೇತುದಾರರು ಇದಕ್ಕೆ ಕಂಡುಕೊಂಡ ಒಂದು ದಾರಿ ಒಂಟಿದೋಣಿ. ಒಬ್ಬೊಬ್ಬರನ್ನೇ ಕೂರಿಸಿ ಸಮಯ ಅಳೆದು ಆಸನ ಹಂಚುತ್ತಾರೆ. ಅಳೆಯಲು ಇದು ಅನುಕೂಲ, ಆದರೆ ಅಳೆಯುವುದು ತೋಳಿನ ಬಲವನ್ನೇ ಹೆಚ್ಚಾಗಿ. ಮುಂದಿನ ದಾರಿಯೂ ಕಿರಿದು. ಅಮೆರಿಕದ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯ ಪಟ್ಟಿಯಲ್ಲಿ ಈ ಕ್ರೀಡೆ ಇಲ್ಲ. ಬೆನ್ನುಹಾಕಿ ಕೂತು ನಡೆಸುವ ರೋಯಿಂಗ್ ಇದೆ. ವಿದ್ಯಾರ್ಥಿವೇತನಕ್ಕಾಗಿ ಅಲ್ಲಿಗೆ ಹೊರಳಿದರೆ ತಮ್ಮ ದೋಣಿಯನ್ನು ದಡದಲ್ಲೇ ಬಿಡಬೇಕು.

ಕಡಲು ಬಲವನ್ನಷ್ಟೇ ಕೇಳುವುದಿಲ್ಲ ಎಂಬುದಕ್ಕೆ ದಕ್ಷಿಣ ಆಫ್ರಿಕಾದ ಆಸ್ಕರ್ ಚಲುಪ್‌ಸ್ಕಿಗಿಂತ ಒಳ್ಳೆಯ ಸಾಕ್ಷಿ ಬೇಡ. ಇದೇ ಕೈವಿಯನ್ನು ಸರ್ಫ್‌ಸ್ಕಿ ಎಂಬ ಉದ್ದನೆಯ ಒಂಟಿದೋಣಿಯಲ್ಲಿ ದಾಟುವ ಪಂದ್ಯವನ್ನು ಅವರು 1983ರಲ್ಲಿ ಇಪ್ಪತ್ತರ ಹರೆಯದಲ್ಲಿ ಗೆದ್ದರು. ಹನ್ನೆರಡನೆಯ ಸಲ ಗೆದ್ದದ್ದು 2012ರಲ್ಲಿ, ವಯಸ್ಸು 49. ಆ ಪ್ರಾಯದಲ್ಲಿ ಅವರನ್ನು ಗೆಲ್ಲಿಸಿದ್ದು ತೋಳಿಗಿಂತ ಹೆಚ್ಚಾಗಿ ಅಲೆಯ ಓದು. ಹಿಂದಿನಿಂದ ಬರುವ ಅಲೆ ಹಿಂಭಾಗವನ್ನು ಎತ್ತುವ ಗಳಿಗೆಯಲ್ಲಿ ನಾಲ್ಕು ಬಿರುಸಿನ ಹುಟ್ಟು ಹಾಕಿದರೆ ದೋಣಿ ತಾನಾಗಿ ಜಾರುತ್ತದೆ, ಗಳಿಗೆ ತಪ್ಪಿದರೆ ಇಡೀ ಅಲೆ ಕೈಬಿಡುತ್ತದೆ. ಇದು ವರ್ಷಗಟ್ಟಲೆ ಮಾಗುವ ವಿದ್ಯೆ. ಹದಿನಾರರ ಹುಡುಗಿಯನ್ನು ಕಡಲಿನಲ್ಲಿ ಎಷ್ಟನೆಯವಳಾಗಿ ಬಂದಳೆಂದು ಅಳೆಯುವುದು, ಮಾವಿನಮರ ನೆಟ್ಟ ವರ್ಷವೇ ಹಣ್ಣು ಎಣಿಸಿದಂತೆ.

ನಮ್ಮ ಕರಾವಳಿಯಲ್ಲೂ ಈ ಪ್ರಶ್ನೆ ಮೊಳೆಯುತ್ತಿದೆ. 2024ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಸ್ಟ್ಯಾಂಡ್‌ಅಪ್ ಪ್ಯಾಡ್ಲಿಂಗ್ ಸರಣಿಯ ಒಂದು ಸುತ್ತು ಮೂಲ್ಕಿ ಹತ್ತಿರದ ಸಸಿಹಿತ್ಲುವಿನಲ್ಲಿ ನಡೆದಾಗ, ಹಲಗೆಯ ಮೇಲೆ ನಿಂತು ಹುಟ್ಟು ಹಾಕಿದವರಲ್ಲಿ ಶಾಲಾ ವಯಸ್ಸಿನ ಸ್ಥಳೀಯ ಮಕ್ಕಳೂ ಇದ್ದರು. ಅವರಿಗೆ ಪದಕ ಕೊಡುವಾಗ ಏನನ್ನು ಎಣಿಸಬೇಕೆಂದು ತೀರ್ಮಾನಿಸಲು ನಮಗಿನ್ನೂ ಸಮಯವಿದೆ.

ಈಗ ಆರನೇ ಆಸನಕ್ಕೆ ಬರುತ್ತೇನೆ. ಲಗೂನಿನಲ್ಲಿ ಚುಕ್ಕಾಣಿ ಹಿಡಿದವರ ಮುಖ್ಯ ಪರೀಕ್ಷೆ ಬಾವುಟದ ತಿರುವು. ಕೈವಿಯಲ್ಲಿ ಅದೇ ಆಸನದವರು ಗಾಳಿ, ಸೆಳೆತ, ಅಲೆಯ ಓರೆ ಮೂರನ್ನೂ ಒಟ್ಟಿಗೆ ನೋಡಿ ಗಂಟೆಗಟ್ಟಲೆ ಐದು ಜನರ ಬೆನ್ನ ಹಿಂದೆ ಕೂತು ನಿರ್ಧರಿಸುತ್ತಾರೆ. ನೇರ ಹೋಗಬೇಕೆ, ತಂಡವನ್ನು ತೆಂಕಣಕ್ಕೆ ಒಯ್ದು ಅಲೆ ಹಿಡಿಸಬೇಕೆ, ಅಮಾ ಮೇಲೇಳುತ್ತಿದ್ದರೆ ಯಾರನ್ನು ವಾಲಿಸಬೇಕು. ಶಾಲೆಗಳು ಕಡಲಿನ ಮಕ್ಕಳಿಗೆ ಗೌರವ ಕೊಡಲು ಹೊರಟರೆ ನಾನು ಮೊದಲು ಕೇಳುವುದು ಚುಕ್ಕಾಣಿಯವರಿಗೊಂದು ಪ್ರತ್ಯೇಕ ಸ್ಥಾನವನ್ನು. ಅದನ್ನು ಕೊಡುವವರು ಗಡಿಯಾರ ಹಿಡಿದು ದಡದಲ್ಲಿ ನಿಂತವರಾಗಬಾರದು. ಬೆಂಗಾವಲು ಬೋಟಿನಲ್ಲಿ ಜೊತೆಗೆ ಬಂದು, ಯಾವ ಅಲೆಯನ್ನು ಹಿಡಿದರು, ಯಾವುದನ್ನು ಬಿಟ್ಟರು, ಗಾಳಿ ಕೆಟ್ಟ ದಿನ ಯಾವಾಗ ವಾಪಸ್ ತಿರುಗಿದರು ಎಂದು ಕಂಡ ಕ್ಲಬ್ಬಿನ ಹಿರಿಯರಾಗಬೇಕು.