"ಹುಡುಗಿಯರು ಯಾಕೆ ಪೂಜಾರಿ ಆಗಬಾರದು ಮಿಸ್?" ಎಂದು ಮಗು ಕೇಳಿದರೆ

ಓದುಗರ ಪ್ರಶ್ನೆ: ಹಾಸನದಲ್ಲಿ ಬಿ.ಎಡ್. ಓದುತ್ತಿದ್ದೇನೆ. ಕೆಲಸಕ್ಕೆ ಸೇರಿದ ಮೇಲೆ ಮೌಲ್ಯ ಶಿಕ್ಷಣದ ಪೀರಿಯಡ್ ನನ್ನ ಪಾಲಿಗೇ ಬರಬಹುದು. ಭಾನುವಾರ ಮಠದಲ್ಲೂ ಮಕ್ಕಳಿಗೆ ಪಾಠ ಹೇಳುತ್ತೇನೆ. ಹೆಣ್ಣು-ಗಂಡು, ಜಾತಿ, ಬೇರೆ ಧರ್ಮ ಇಂಥ ಪ್ರಶ್ನೆ ಬಂದರೆ ಬಾಯಿ ಕಟ್ಟಿದಂತಾಗುತ್ತದೆ. ಹೇಗೆ ತಯಾರಾಗಲಿ?

ಉತ್ತರ: "ನಮ್ಮ ಧರ್ಮದಲ್ಲಿ ಹಾಗಿಲ್ಲ, ಸುಮ್ನಿರು" ಎನ್ನಬೇಡಿ. "ಅದೆಲ್ಲ ಮೂಢನಂಬಿಕೆ" ಎಂದೂ ಕೈತೊಳೆದುಕೊಳ್ಳಬೇಡಿ. ಎರಡರಿಂದಲೂ ಮಗು ಕಲಿಯುವುದು ಒಂದೇ, ಇನ್ನು ಮುಂದೆ ಮಿಸ್ ಹತ್ತಿರ ಇಂಥದ್ದು ಕೇಳಬಾರದು ಅಂತ. ಹುಡುಗಿಯರು ಆಗಬಾರದು ಎನ್ನುವವರು ಯಾರು, ಅದನ್ನು ಒಪ್ಪದವರು ಯಾರು, ಅವರವರ ಕಾರಣ ಏನು ಎಂದು ಬಿಡಿಸಿ ಹೇಳುವಷ್ಟು ಓದು ನಿಮಗೆ ಬೇಕು. ಈ ಚರ್ಚೆ ಹೊರಗಿನಿಂದ ಬಂದದ್ದಲ್ಲ, ಪ್ರತಿ ಧರ್ಮದ ಒಳಗೇ ನಡೆದಿದೆ.

ನಮ್ಮ ಶ್ರವಣಬೆಳಗೊಳವನ್ನೇ ತಗೊಳ್ಳಿ. ಅಲ್ಲಿನದು ಜೈನರ ದಿಗಂಬರ ಪರಂಪರೆ. ಹೆಣ್ಣುಜನ್ಮದಲ್ಲಿ ನೇರವಾಗಿ ಮೋಕ್ಷ ಸಿಗದು, ಗಂಡಾಗಿ ಹುಟ್ಟಬೇಕು ಎಂದು ಆ ಪರಂಪರೆ ಹೇಳುತ್ತದೆ. ಜೈನರ ಇನ್ನೊಂದು ಪಂಗಡವಾದ ಶ್ವೇತಾಂಬರರು ಇದನ್ನು ಒಪ್ಪುವುದಿಲ್ಲ, 19ನೇ ತೀರ್ಥಂಕರ ಮಲ್ಲಿ ಹೆಣ್ಣೇ ಎನ್ನುತ್ತಾರೆ. ಒಂದೇ ಧರ್ಮ, ಎರಡು ಉತ್ತರ. ಅದೇ ಬೆಳಗೊಳದಲ್ಲಿ 1123ರಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದವಳು ರಾಣಿ ಶಾಂತಲೆ. ಗಂಡ ವಿಷ್ಣುವರ್ಧನ ವೈಷ್ಣವನಾದರೂ ಅವಳು ಜೈನಳಾಗಿಯೇ ಉಳಿದಳು. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂದಾಗ ಎರಡೂ ಬೇರೆಯಲ್ಲ ಎಂದು ವಿಜಯನಗರದ ಬುಕ್ಕರಾಯ ತೀರ್ಪು ಕೊಟ್ಟ 1368ರ ಶಾಸನವೂ ಅಲ್ಲೇ ಇದೆ. ಬಸ್ಸಿನಲ್ಲಿ ಹೋಗಿ ಬರುವ ದೂರ, ಒಮ್ಮೆ ಹೋಗಿ ನೋಡಿ ಬನ್ನಿ.

ಪೂಜಾರಿಯ ಪ್ರಶ್ನೆಗೂ ಹೀಗೇ. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚಿನಲ್ಲಿ ಹೆಂಗಸರು ಪಾದ್ರಿ ಆಗಬಹುದು, ರೋಮನ್ ಕ್ಯಾಥೊಲಿಕ್ ಚರ್ಚಿನಲ್ಲಿ ಆಗುವಂತಿಲ್ಲ. ಲಿಂಗಾಯತರಲ್ಲಿ ಮಾತೆ ಮಹಾದೇವಿ 1970ರಲ್ಲೇ ಜಗದ್ಗುರು ಪೀಠ ಏರಿದರು. ಹೆಂಗಸರು ಮಸೀದಿಗೆ ಬಂದು ನಮಾಜ್ ಮಾಡಬಹುದು ಎಂದು ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೇ 2020ರಲ್ಲಿ ಸುಪ್ರೀಂ ಕೋರ್ಟಿಗೆ ಹೇಳಿದೆ, ಆದರೆ ಬಹಳ ಕಡೆ ಅವರಿಗೆ ಜಾಗವೇ ಇಲ್ಲ. ಗ್ರಂಥದಲ್ಲಿ ಇರುವುದು ಬೇರೆ, ಜನ ನಡೆಸಿಕೊಂಡು ಬಂದದ್ದು ಬೇರೆ, ನೀವು ನಂಬುವುದು ಇನ್ನೂ ಬೇರೆ ಇರಬಹುದು. ಯಾವುದನ್ನು ಹೇಳುತ್ತಿದ್ದೀರಿ ಎಂದು ಮಕ್ಕಳಿಗೆ ತಿಳಿಯುವಂತೆ ಹೇಳಿ, ಅಷ್ಟಾದರೆ ಅರ್ಧ ಕೆಲಸ ಆಯಿತು.

ಇನ್ನು ಕಥೆ ಹೇಳುವ ರೀತಿ. ಹಾಸನಾಂಬೆಯ ಗುಡಿಯ ಸೊಸೆ ಕಲ್ಲಿನ ಕಥೆ ನಿಮ್ಮ ತರಗತಿಯ ಎಷ್ಟೋ ಮಕ್ಕಳಿಗೆ ಅಜ್ಜಿಯಿಂದಲೇ ಗೊತ್ತಿರುತ್ತದೆ. ದೇವಿಗೆ ಕೈಮುಗಿದು ನಿಂತಿದ್ದ ಸೊಸೆಗೆ ಅತ್ತೆ ಬಂದು ಹೊಡೆದಳು, ಅವಳು ಅಮ್ಮಾ ಎಂದು ಕೂಗಿಕೊಂಡಳು, ದೇವಿ ಅವಳನ್ನು ಕಲ್ಲಾಗಿಸಿ ತನ್ನ ಹತ್ತಿರವೇ ಇಟ್ಟುಕೊಂಡಳು, ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿಯ ಕಡೆ ಸರಿಯುತ್ತದೆ. ಸಾಮಾನ್ಯವಾಗಿ "ಭಕ್ತಿ ಇದ್ದರೆ ದೇವರು ಕಾಪಾಡ್ತಾಳೆ" ಎಂದು ಮುಗಿಸಿಬಿಡುತ್ತೇವೆ. ಅಲ್ಲಿಗೇ ನಿಲ್ಲಿಸಬೇಡಿ. ಕಲ್ಲು ಸರಿಯುತ್ತದೋ ಇಲ್ಲವೋ ಎಂಬ ವಾದಕ್ಕೆ ಇಳಿಯಬೇಡಿ, ಮಕ್ಕಳ ಮನೆಯವರು ವರ್ಷಕ್ಕೊಮ್ಮೆ ಬಾಗಿಲು ತೆಗೆಯುವುದನ್ನೇ ಕಾದು ದರ್ಶನಕ್ಕೆ ನಿಂತವರು. ಬದಲಿಗೆ ಕೇಳಿ: ಆಗ ಗಂಡ ಎಲ್ಲಿದ್ದ? ಹೊಡೆತ ತಿಂದವಳು ಕಲ್ಲಾದಳು, ಹೊಡೆದವಳಿಗೆ ಏನಾಯಿತು? ಸೊಸೆ ಕಲ್ಲಾಗದೆ ಬದುಕಬೇಕಾದರೆ ಆ ಮನೆಯಲ್ಲಿ ಏನು ಬದಲಾಗಬೇಕಿತ್ತು? ನಂಬಿಕೆಗೆ ನೋವಾಗದೆ ಮಕ್ಕಳು ತಾವಾಗಿಯೇ ಮಾತಾಡುತ್ತಾರೆ. ಹುಡುಗರನ್ನೂ ಮಾತಾಡಿಸಿ, ಇದು ಹೆಣ್ಣುಮಕ್ಕಳ ವಿಷಯ ಎಂದು ಅವರು ಹಿಂದಿನ ಬೆಂಚಿಗೆ ಸರಿಯಬಾರದು.

ಒಂದು ಎಚ್ಚರಿಕೆ. ಎಲ್ಲದಕ್ಕೂ ಎರಡು ಉತ್ತರ ಇರುವುದಿಲ್ಲ. ಮುಟ್ಟು ಕೊಳಕಲ್ಲ, ಅದು ದೇಹದ ಕೆಲಸ. ಗುಡಿಗೆ ಯಾಕೆ ಹೋಗಬಾರದು ಅನ್ನುತ್ತಾರೆ ಎಂಬುದಕ್ಕೆ ಸಂಪ್ರದಾಯದ ಕಾರಣ ಹೇಳಿ, ಆದರೆ ಕೊಳಕು ಎಂಬ ಮಾತು ನಿಮ್ಮ ಬಾಯಿಂದ ಬರಬಾರದು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ತೆಗೆದುಹಾಕಿದೆ, ಹೆಂಗಸರ ಘನತೆಗೆ ಕುಂದು ತರುವ ಪದ್ಧತಿ ಬಿಡುವುದು 51ಎ ವಿಧಿಯಂತೆ ನಮ್ಮ ಕರ್ತವ್ಯ. ಗಂಡೂ ಅಲ್ಲ ಹೆಣ್ಣೂ ಅಲ್ಲ ಎನ್ನುವವರನ್ನು ಸುಪ್ರೀಂ ಕೋರ್ಟ್ 2014ರಲ್ಲೇ ಮೂರನೇ ಲಿಂಗ ಎಂದು ಮಾನ್ಯ ಮಾಡಿದೆ. ಇವುಗಳಲ್ಲಿ ನಡುವೆ ನಿಲ್ಲಬೇಡಿ. ಹಾಗೆಯೇ ತರಗತಿಯಲ್ಲಿ ಒಬ್ಬಳೇ ಮುಸ್ಲಿಂ ಹುಡುಗಿ ಇದ್ದರೆ "ನಿಮ್ಮಲ್ಲಿ ಹೇಗಮ್ಮ?" ಎಂದು ಎಬ್ಬಿಸಿ ನಿಲ್ಲಿಸಬೇಡಿ. ಇಡೀ ಧರ್ಮದ ಪರವಾಗಿ ಉತ್ತರ ಕೊಡುವುದು ಹನ್ನೆರಡು ವರ್ಷದ ಮಗುವಿನ ಕೆಲಸ ಅಲ್ಲ ಅಲ್ವಾ?

ತಯಾರಿ ಈಗಿನಿಂದಲೇ ಶುರುವಾಗಲಿ. ಎರಡು ವರ್ಷದ ಬಿ.ಎಡ್.ನಲ್ಲಿ ಲಿಂಗತ್ವ, ಶಾಲೆ ಮತ್ತು ಸಮಾಜ ಎಂಬ ವಿಷಯ ಇದೆ. ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಬಿಡಬೇಡಿ. ಮೈಕ್ರೋ ಟೀಚಿಂಗ್‌ಗೆ (ಸಹಪಾಠಿಗಳ ಎದುರು ಮಾಡುವ ಕಿರುಪಾಠದ ಅಭ್ಯಾಸಕ್ಕೆ) ಇಂಥದ್ದೇ ಒಂದು ಪ್ರಶ್ನೆ ಆರಿಸಿಕೊಳ್ಳಿ. ಬೇರೆ ಜಾತಿ, ಬೇರೆ ಧರ್ಮದ ಸಹಪಾಠಿಗಳನ್ನು ಮಕ್ಕಳಂತೆ ಕೂರಿಸಿ, ಯಾವ ಮಾತು ಚುಚ್ಚಿತು ಎಂದು ಆಮೇಲೆ ಕೇಳಿ. ನಿಮ್ಮ ಸ್ವಂತ ಭಕ್ತಿ ಇದಕ್ಕೆ ಅಡ್ಡಿಯಲ್ಲ. ಶಾಲೆಗಳಲ್ಲಿ ಧರ್ಮಗಳ ಬಗ್ಗೆ ಕಲಿಸುವುದಕ್ಕೆಂದು ಯುರೋಪಿನಲ್ಲಿ 2007ರಲ್ಲಿ ಬಂದ ಟೊಲೆಡೊ ಮಾರ್ಗಸೂಚಿ ಕೂಡ, ನಂಬಿಕೆ ಒಂದನ್ನೇ ನೋಡಿ ಶಿಕ್ಷಕರನ್ನು ದೂರ ಇಡಬಾರದು ಎನ್ನುತ್ತದೆ.

ಕೊನೆಗೆ ಶಾಲೆ ಮತ್ತು ಮಠದ ವ್ಯತ್ಯಾಸ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಮಾಡುವಂತಿಲ್ಲ, ಸಂವಿಧಾನದ 28ನೇ ವಿಧಿ ತಡೆಯುತ್ತದೆ. ಧರ್ಮಗಳ ಬಗ್ಗೆ ತಿಳಿಸಬಹುದು, 2002ರಲ್ಲಿ ಸುಪ್ರೀಂ ಕೋರ್ಟೇ ಹಾಗೆಂದಿದೆ. ಮಠದಲ್ಲಿ ನಿಮ್ಮ ಪರಂಪರೆಯ ಪಾಠವನ್ನೇ ಹೇಳಬಹುದು, ಆದರೆ ಪ್ರಶ್ನೆಗಳು ಅಲ್ಲೂ ಬರುತ್ತವೆ. ಆದ್ದರಿಂದ ಮುಂದಿನ ಭಾನುವಾರಕ್ಕೆ ಮೊದಲೇ ಮಠದ ಹಿರಿಯರ ಹತ್ತಿರ ಕೂತು, ಹುಡುಗಿಯರು ಹೀಗೆ ಕೇಳುತ್ತಿದ್ದಾರೆ, ಏನು ಹೇಳೋಣ ಎಂದು ಕೇಳಿಬಿಡಿ.