ಇಪ್ಪತ್ತು ನಿಮಿಷ ಓಡಿ ನಿಲ್ಲುವ ಎಂಜಿಬಿ: ಅದು ವೇಪರ್ ಲಾಕ್ ಅಲ್ಲ ಕಣ್ರೀ

ಓದುಗರ ಪ್ರಶ್ನೆ: ನನ್ನದು 1967ರ ಎಂಜಿಬಿ ರೋಡ್‌ಸ್ಟರ್, ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. 20 ನಿಮಿಷ ಚೆನ್ನಾಗಿ ಓಡಿ, ಆಮೇಲೆ ಜಗ್ಗಿ ಜಗ್ಗಿ ನಿಂತುಬಿಡುತ್ತದೆ. ಹತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲವೇನೋ ಅನ್ನುವ ಹಾಗೆ ಮತ್ತೆ ಸ್ಟಾರ್ಟ್! ಎಲ್ಲರೂ ವೇಪರ್ ಲಾಕ್ ಅನ್ನುತ್ತಾರೆ. ಪೆಟ್ರೋಲ್ ಪೈಪಿಗೆ ಮರದ ಬಟ್ಟೆ ಕ್ಲಿಪ್ ಸಿಕ್ಕಿಸಿದರೆ ಸರಿಹೋಗುತ್ತದಾ?

ಉತ್ತರ: ಹೋಗುವುದಿಲ್ಲ. ಕ್ಲಿಪ್ ತೆಗೆದು ಬಟ್ಟೆಗೇ ಹಾಕಿ.

ಇದೇ ಪ್ರಶ್ನೆ ಪ್ರತಿ ಬೇಸಿಗೆಯಲ್ಲೂ ಬರುತ್ತದೆ. ಇಸವಿ ಬೇರೆ, ಬಣ್ಣ ಬೇರೆ, ಕ್ಲಿಪ್ ಮಾತ್ರ ಅದೇ. ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ.

ಮೊದಲು ವೇಪರ್ ಲಾಕ್ ಅಂದರೇನು ನೋಡೋಣ. ಪೈಪಿನೊಳಗೆ ಪೆಟ್ರೋಲ್ ಕುದಿದು ಆವಿಯಾಗುತ್ತದೆ. ಪಂಪ್‌ಗೆ ದ್ರವ ಸಿಗದೆ ಬರೀ ಆವಿ ಸಿಕ್ಕರೆ ಅದು ಏನನ್ನೂ ತಳ್ಳಲಾರದು. ಇದು ಕಟ್ಟುಕಥೆಯಲ್ಲ, ನಿಜವಾಗಿಯೂ ಆಗುತ್ತದೆ. ಆದರೆ ಎಲ್ಲಿ ಆಗುತ್ತದೆ ಅನ್ನುವುದೇ ಮುಖ್ಯ. ಒತ್ತಡ ಕಡಿಮೆಯಾದಷ್ಟೂ ದ್ರವ ಬೇಗ ಕುದಿಯುತ್ತದೆ. ಹಾಗಾಗಿ ತೊಂದರೆ ಬರುವುದು ಪಂಪ್ ಎಳೆಯುವ ಕಡೆ, ತಳ್ಳುವ ಕಡೆ ಅಲ್ಲ. ಟ್ರಯಂಫ್ ಸ್ಪಿಟ್‌ಫೈರ್‌ನಂಥ ಕಾರಿನಲ್ಲಿ ಮೆಕ್ಯಾನಿಕಲ್ ಪಂಪ್ ಬಿಸಿ ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಹಿಂದಿನ ಟ್ಯಾಂಕಿನಿಂದ ಅಷ್ಟುದ್ದ ಪೈಪಿನಲ್ಲಿ ಅದು ಎಳೆಯಬೇಕು. ಅಲ್ಲಿ ವೇಪರ್ ಲಾಕ್ ಅಂದರೆ ಒಪ್ಪುತ್ತೇನೆ.

ನಿಮ್ಮ ಎಂಜಿಬಿಯಲ್ಲಿ ಪಂಪ್ ಎಲ್ಲಿದೆ? ಕಾರಿನ ಹಿಂಭಾಗದಲ್ಲಿ, ಬ್ಯಾಟರಿ ಪಕ್ಕ, ಟ್ಯಾಂಕಿಗೆ ಹತ್ತಿರ. ಎಸ್‌ಯು ಕಂಪನಿಯ ಎಲೆಕ್ಟ್ರಿಕ್ ಪಂಪ್ ಅದು. ಎಳೆಯುವ ದಾರಿ ತುಂಬ ಚಿಕ್ಕದು, ತಣ್ಣಗಿರುವ ಜಾಗ. ಅಲ್ಲಿಂದ ಎಂಜಿನ್ ತನಕ ಪೆಟ್ರೋಲ್ ಸುಮಾರು 3 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಲೆಕ್ಕ) ಒತ್ತಡದಲ್ಲಿ ಹೋಗುತ್ತದೆ. ಎಂಜಿನ್ ಹತ್ತಿರ ಪೈಪ್ ಬಿಸಿಯಾದರೂ ಅಲ್ಲಿರುವುದು ಒತ್ತಡದಲ್ಲಿರುವ, ಹರಿಯುತ್ತಲೇ ಇರುವ ಪೆಟ್ರೋಲ್. ಹೆದ್ದಾರಿಯಲ್ಲಿ ಗಾಳಿ ಬೀಸುತ್ತಿರುವಾಗ ಅದು ಕುದಿದು ಕಾರು ನಿಂತಿತು ಅಂದರೆ ನಾನಂತೂ ನಂಬುವುದಿಲ್ಲ.

ಇನ್ನು ಕ್ಲಿಪ್. ಮರ ಶಾಖ ಹೀರಿ ಹೊರಹಾಕುತ್ತದಂತೆ! ಮರ ಶಾಖವನ್ನು ಸರಿಯಾಗಿ ಸಾಗಿಸುವುದೇ ಇಲ್ಲ. ಅದಕ್ಕೇ ತಾನೇ ಸೌಟಿಗೆ ಮರದ ಹಿಡಿ ಹಾಕುವುದು? ಪೈಪಿನ ಮೇಲೆ ಸಾಲಾಗಿ ಕ್ಲಿಪ್ ಕೂರಿಸಿದರೆ, ಗಾಳಿಗೆ ತೆರೆದಿದ್ದ ಲೋಹವನ್ನೂ ಮುಚ್ಚಿದಂತಾಯಿತು, ಅಷ್ಟೆ.

"ಹಾಕಿದ ಮೇಲೆ ಸರಿಹೋಯಿತಲ್ಲ!" ಅಂತ ಪ್ರತಿ ಸಲ ಯಾರಾದರೂ ಒಬ್ಬರು ಹೇಳುತ್ತಾರೆ. ಗುಟ್ಟು ಅಲ್ಲೇ ಇದೆ. ಕಾರು ನಿಂತಿತು, ಬಾನೆಟ್ ಎತ್ತಿದಿರಿ, ಕ್ಲಿಪ್ ಹುಡುಕಿದಿರಿ, ಒಂದೊಂದಾಗಿ ಸಿಕ್ಕಿಸಿದಿರಿ. ಅಷ್ಟರಲ್ಲಿ ಹತ್ತು ನಿಮಿಷ ಆಯಿತು. ಕಾರು ಸ್ಟಾರ್ಟ್ ಆಗಿದ್ದು ಆ ಹತ್ತು ನಿಮಿಷದಿಂದ. ಸುಮ್ನೆ ಕೂತಿದ್ದರೂ ಆಗುತ್ತಿತ್ತು. ಕಾದರೆ ಸರಿಹೋಗುವ ತೊಂದರೆಗಳು ಬೇಕಾದಷ್ಟಿವೆ, ಅವಕ್ಕೂ ಬಿಸಿಗೂ ಸಂಬಂಧ ಇರಲೇಬೇಕಿಲ್ಲ. ಮೊಸರನ್ನ ತಿಂದದ್ದು ಯಾರೋ, ಒರೆಸಿದ್ದು ಮೇಕೆ ಬಾಯಿಗೆ.

ನನ್ನ ಮೊದಲ ಅನುಮಾನ ಟ್ಯಾಂಕಿನ ಮುಚ್ಚಳದ ಮೇಲೆ. ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು. ನಿಮ್ಮ ಇಸವಿಯ ಕಾರಿನಲ್ಲಿ ಗಾಳಿ ಬರುವುದು ಮುಚ್ಚಳದ ಮೂಲಕವೇ. ಆಮೇಲಿನ ಅಮೆರಿಕನ್ ಮಾದರಿಗಳಲ್ಲಿ ಆವಿ ಹಿಡಿಯುವ ಕ್ಯಾನಿಸ್ಟರ್ ಬಂತು, ಅವಕ್ಕೆ ಗಾಳಿಯಾಡದ ಮುಚ್ಚಳ. ಅದನ್ನು ತಂದು ನಿಮ್ಮ ಕಾರಿಗೆ ಹಾಕಿದರೆ ಟ್ಯಾಂಕಿನಲ್ಲಿ ನಿರ್ವಾತ ಬೆಳೆಯುತ್ತಾ ಹೋಗಿ ಪಂಪ್ ಎಳೆಯಲಾಗದೆ ಸೋಲುತ್ತದೆ. ನಿಲ್ಲಿಸಿ ಕಾದರೆ ಸಂದಿಗೊಂದಿಯಿಂದ ಗಾಳಿ ನುಸುಳಿ ಮತ್ತೆ ಸರಿಹೋಗುತ್ತದೆ. ಥೇಟ್ ನಿಮ್ಮ ಕಾರಿನ ಲಕ್ಷಣವೇ, ಅಲ್ವಾ?

ಹಾಗಾಗಿ ಮುಂದಿನ ಸಲ ನಿಂತಾಗ ಬಾನೆಟ್ ಎತ್ತಬೇಡಿ. ಹಿಂದಕ್ಕೆ ಹೋಗಿ. ಇಗ್ನಿಷನ್ ಆನ್ ಇರಲಿ. ಪಂಪ್ ಟಿಕ್ ಟಿಕ್ ಅನ್ನುತ್ತಿಲ್ಲವಾದರೆ ಮುಚ್ಚಳ ನಿಧಾನಕ್ಕೆ ತಿರುಗಿಸಿ. ಬುಸ್ ಅಂತ ಗಾಳಿ ಒಳಗೆ ಹೋಗಿ, ಹಿಂದೆಯೇ ಪಂಪ್ ಪಟಪಟ ಟಿಕ್ ಹೊಡೆಯಲು ಶುರುಮಾಡಿದರೆ ಕಳ್ಳ ಸಿಕ್ಕ ಅಂತ ಲೆಕ್ಕ.

ಬುಸ್ ಅನ್ನಲಿಲ್ಲವಾ? ಆಗ ಟ್ಯಾಂಕಿನ ಕಸ. ತುಕ್ಕು, ಹೂಳು ಎಲ್ಲ ಹರಿವಿನ ಜೊತೆ ಬಂದು ಒಳಗಿನ ಜಾಲರಿಗೆ ಮೆತ್ತಿಕೊಳ್ಳುತ್ತದೆ. ಎಳೆತ ನಿಂತರೆ ಉದುರಿ ತಳಕ್ಕೆ ಹೋಗುತ್ತದೆ. ಇಲ್ಲೂ ಹತ್ತು ನಿಮಿಷದ ಪವಾಡವೇ. ಹಳೇ ರಬ್ಬರ್ ಹೋಸ್ ಕೂಡ ಹೀಗೇ ಆಡಿಸುತ್ತದೆ. ಹೊರಗಿನಿಂದ ಚೆನ್ನಾಗಿದ್ದರೂ ಒಳಪದರ ಎಥೆನಾಲ್‌ಗೆ ಊದಿಕೊಂಡು ದಾರಿ ಕಟ್ಟುತ್ತದೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಮಾಮೂಲಿ ಪೆಟ್ರೋಲ್‌ನಲ್ಲಿ 10 ಶೇಕಡಾದವರೆಗೆ ಎಥೆನಾಲ್ ಇರುತ್ತದೆ. ಹೋಸ್ ಬದಲಿಸುವಾಗ ಎಥೆನಾಲ್ ತಡೆಯುವ ಆರ್9 ಗುರುತಿನದನ್ನೇ ಕೇಳಿ ತನ್ನಿ.

ಇದನ್ನೆಲ್ಲ ಒಂದೇ ಏಟಿಗೆ ಅಳೆಯಬಹುದು. ಎಂಜಿನ್ ಪೂರ್ತಿ ತಣ್ಣಗಿರಲಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ. ಕಾರ್ಬುರೇಟರ್‌ಗೆ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಬರುವ ಹೋಸ್ ಕಳಚಿ, ಗಟ್ಟಿ ಡಬ್ಬಿಯೊಳಗೆ ಇಟ್ಟು, ಇಗ್ನಿಷನ್ ಒಂದು ನಿಮಿಷ ಆನ್ ಮಾಡಿ. ಅರ್ಧ ಲೀಟರ್‌ಗಿಂತ ಜಾಸ್ತಿ ಬರಬೇಕು, ಗುಳ್ಳೆ ಇರಬಾರದು. ಸಾಧಾರಣ ವೇಗದಲ್ಲಿ ಎಂಜಿನ್ ಗಂಟೆಗೆ ಹತ್ತು ಲೀಟರ್ ಕುಡಿಯುತ್ತದೆ ಅಂತಿಟ್ಟುಕೊಳ್ಳಿ. ಅಂದರೆ ನಿಮಿಷಕ್ಕೆ 170 ಮಿಲಿಲೀಟರ್ ಕೂಡ ಆಗಲಿಲ್ಲ. ಹಾಗಾಗಿ ಅರ್ಧ ಕಟ್ಟಿಕೊಂಡ ಪಂಪ್ ಊರೊಳಗೆ ಚೆನ್ನಾಗೇ ಓಡಿಸುತ್ತದೆ, ಏರು ರಸ್ತೆಯಲ್ಲಿ ಕೈಕೊಡುತ್ತದೆ. ನಿಮಿಷ ಪೂರ್ತಿ ಕಾಯಿರಿ. ಮೊದಲ ಹತ್ತು ಸೆಕೆಂಡ್ ಜೋರಾಗಿ ಬಂದು ಆಮೇಲೆ ಸೊರಗಿದರೆ ಕಟ್ಟಿಕೊಂಡಿರುವುದು ಪಂಪಿನ ಹಿಂದೆ, ಟ್ಯಾಂಕಿನ ಕಡೆ.

ಡಬ್ಬಿ ಸರಿಯಾಗಿ ತುಂಬಿದರೆ? ಪೆಟ್ರೋಲ್ ಬಿಟ್ಟು ಕರೆಂಟಿನ ಕಡೆ ತಿರುಗಿ. ಬಿಸಿಯಾದಾಗ ಸಾಯುವ ಕಂಡೆನ್ಸರ್ ಮತ್ತು ಕಾಯಿಲ್ (ಸ್ಪಾರ್ಕ್ ಹುಟ್ಟಿಸುವ ಭಾಗಗಳು) ಇದೇ ಆಟ ಆಡುತ್ತವೆ. ನಿಮ್ಮ ಕಾರಿನ ಟ್ಯಾಕೋಮೀಟರ್ (ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಅಂತ ತೋರಿಸುವ ಮೀಟರ್) ಇಗ್ನಿಷನ್‌ನಿಂದಲೇ ನಡೆಯುತ್ತದೆ. ಕಾರು ಗೇರಿನಲ್ಲಿ ಉರುಳುತ್ತಿರುವಾಗಲೇ ಮುಳ್ಳು ದಬಕ್ಕನೆ ಸೊನ್ನೆಗೆ ಬಿದ್ದರೆ ತೊಂದರೆ ಕರೆಂಟಿನದು. ಎಂಜಿನ್ ಜೊತೆ ನಿಧಾನವಾಗಿ ಇಳಿದರೆ ಪೆಟ್ರೋಲಿನದೇ ಇರಬೇಕು. ನೀವು ಜಗ್ಗಿ ಜಗ್ಗಿ ನಿಂತಿತು ಅಂದಿರಲ್ಲ, ಅದಕ್ಕೇ ನಾನು ಪೆಟ್ರೋಲಿನ ಕಡೆಯಿಂದ ಹೊರಟಿದ್ದು. ಸ್ವಿಚ್ ಆರಿಸಿದ ಹಾಗೆ ನಿಂತಿದ್ದರೆ ಮಾತೇ ಬೇರೆ.

ಬಿಸಿ ಕಾರು ನಿಲ್ಲಿಸಿ, ಕಾಫಿ ಕುಡಿದು ಬಂದ ಮೇಲೆ ಸ್ಟಾರ್ಟ್ ಆಗದಿರುವುದು ಬೇರೆ ಕಾಯಿಲೆ. ಅಲ್ಲಿ ಫ್ಲೋಟ್ ಬೌಲಿನ, ಅಂದರೆ ಕಾರ್ಬುರೇಟರ್‌ನ ಪುಟ್ಟ ಬಟ್ಟಲಿನ ಪೆಟ್ರೋಲ್ ನಿಜವಾಗಿಯೂ ಕುದಿದಿರಬಹುದು. ಅದನ್ನೂ ವೇಪರ್ ಲಾಕ್ ಅಂತ ಕರೆದು ಗೊಂದಲ ಮಾಡಿಕೊಳ್ಳುತ್ತಾರೆ.

ನೀವು ಕೇಳಿಲ್ಲ, ಆದರೆ ಮುಂದಿನ ಪತ್ರದಲ್ಲಿ ಕೇಳುತ್ತೀರಿ: "ಜಾಸ್ತಿ ಒತ್ತಡದ ಪಂಪ್ ಹಾಕಿಬಿಟ್ಟರೆ?" ದಯವಿಟ್ಟು ಬೇಡ. ಆ ಬಟ್ಟಲು ತುಂಬಿದಾಗ ಪೆಟ್ರೋಲ್ ನಿಲ್ಲಿಸುವ ಎಸ್‌ಯು ಕಾರ್ಬುರೇಟರ್‌ನ ನೀಡಲ್ ವಾಲ್ವ್ ತಡೆಯುವುದು ಅದೇ 3 ಪಿಎಸ್‌ಐ ಆಸುಪಾಸು. ಆರೇಳು ಪಿಎಸ್‌ಐ ಪಂಪ್ ಅದನ್ನು ತಳ್ಳಿ ತೆರೆಯುತ್ತದೆ, ಫ್ಲೋಟ್ ಬೌಲ್ ಉಕ್ಕಿ ಹರಿಯುತ್ತದೆ. ಎಂಜಿಬಿಯಲ್ಲಿ ಕಾರ್ಬುರೇಟರ್, ಎಕ್ಸಾಸ್ಟ್ ಎರಡೂ ಎಂಜಿನ್ನಿನ ಒಂದೇ ಮಗ್ಗುಲಲ್ಲಿವೆ. ಉಕ್ಕಿದ್ದು ಎಲ್ಲಿಗೆ ಬೀಳುತ್ತದೆ ಅಂತ ಬಗ್ಗಿ ಒಮ್ಮೆ ನೋಡಿ. ಈಗಾಗಲೇ ಅಂಥ ಪಂಪ್ ಕೊಂಡುಬಿಟ್ಟಿದ್ದರೆ ಒತ್ತಡ ಇಳಿಸುವ ಒಳ್ಳೆಯ ರೆಗ್ಯುಲೇಟರ್ ಹಾಕಿ, ಎರಡೂವರೆ ಪಿಎಸ್‌ಐಗೆ ಇಳಿಸಿ. ಡಯಲ್ಲಿನ ನಂಬರ್ ನಂಬಬೇಡಿ, ಗೇಜ್ ಹಚ್ಚಿ ಅಳೆಯಿರಿ.