ಸಫಾರಿ ಮುಗಿದರೂ ಮಾತ್ರೆ ಮುಗಿಯೋದಿಲ್ಲ, ಗೌಡ್ರೇ

ಆಗಸ್ಟ್ ಬಂತೆಂದರೆ ನನ್ನ ಕ್ಲಿನಿಕ್ಕಿಗೆ ಎರಡು ಥರದ ಜ್ವರ ಬರುತ್ತದೆ. ಒಂದು ನಮ್ಮ ಚಿಕ್ಕಮಗಳೂರಿನ ಮಳೆಜ್ವರ. ಮನೆಯಲ್ಲಿ ಒಬ್ಬರಿಗೆ ಶುರುವಾದರೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರನ್ನೂ ಒಂದು ಸುತ್ತು ಹಾಕಿಯೇ ಹೋಗುವಂಥದ್ದು. ಇನ್ನೊಂದು ಈಚೆಗೆ ಶುರುವಾದದ್ದು, ವಿಮಾನ ಹತ್ತಿ ಬರುವ ಜ್ವರ.

ಕಾಫಿ ತೋಟದವರಿಗೆ ಬಿಡುವು ಸಿಗೋದೇ ಮಳೆಗಾಲದಲ್ಲಿ. ನವೆಂಬರಿನಿಂದ ಕೊಯ್ಲು, ಒಣಗಿಸೋದು, ಆಮೇಲೆ ಹೂಮಳೆಗೆ ಆಕಾಶ ನೋಡ್ತಾ ಕೂರೋದು. ಜುಲೈನಿಂದ ಅಕ್ಟೋಬರ್‌ವರೆಗೆ ಕೀನ್ಯಾದ ಮಸಾಯಿ ಮಾರಾದಲ್ಲಿ ವಿಲ್ಡಬೀಸ್ಟ್ ಹಿಂಡುಗಳು ಇರುವ ಕಾಲ. ಎರಡೂ ಚೆನ್ನಾಗಿ ಹೊಂದಿಕೊಂಡಿವೆ. ಮೊದಲು ಮುತ್ತೋಡಿಯಲ್ಲಿ ಜೀಪ್ ಹತ್ತಿ ಕಾಟಿ ನೋಡಿ ಖುಷಿಪಡುತ್ತಿದ್ದವರು ಈಗ ನೈರೋಬಿಗೆ ಟಿಕೆಟ್ ಮಾಡಿಸುತ್ತಾರೆ. ಒಳ್ಳೆಯದೇ. ನನಗೂ ಆಸೆ ಇದೆ, ಮನೆಯಲ್ಲಿ ಒಪ್ಪಬೇಕು ಅಷ್ಟೆ.

ಸೊಳ್ಳೆ ಪರದೆ, ತುಂಬು ತೋಳಿನ ಅಂಗಿ, ಬಾಟಲಿ ನೀರು ಇವೆಲ್ಲ ಟೂರ್‌ನವರೇ ಹೇಳುತ್ತಾರೆ. ನನ್ನ ತಲೆ ತಿನ್ನುವ ವಿಷಯ ಒಂದೇ. ವಾಪಸ್ ಬಂದ ಮೇಲೆ, ಮಲೇರಿಯಾ ಬಾರದಿರಲಿ ಅಂತ ಕೊಟ್ಟ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಚೀಟಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದು ಕೊಟ್ಟರೂ ನಿಲ್ಲಿಸುತ್ತಾರೆ.

ಆಲ್ದೂರು ಕಡೆಯ ಒಬ್ಬ ಗೌಡರ ಕಥೆ ಹೇಳುತ್ತೇನೆ. ಹೋಗುವ ಮುಂಚೆ ಮಾತ್ರೆ ಬರೆಸಿಕೊಳ್ಳಲು ಬಂದಾಗಲೇ ಅವರಿಗೆ ನಗು. "ಇಂಬಳ, ಉಣುಗು, ಸೊಳ್ಳೆ ಎಲ್ಲಕ್ಕೂ ರಕ್ತ ಕೊಟ್ಟು ಬೆಳೆದ ಮೈ ಡಾಕ್ಟ್ರೇ. ಆಫ್ರಿಕಾ ಸೊಳ್ಳೆ ಏನು ಮಾಡುತ್ತೆ?" ಅಂದರು. ಇಂಬಳ ರಕ್ತ ಕುಡಿದು ತುರಿಕೆ ಬಿಟ್ಟು ಹೋಗುತ್ತದೆ, ಪಾಪದ ಪ್ರಾಣಿ. ಉಣುಗಿನ ಮಾತು ಬೇರೆ. ಅದು ಹರಡುವ, 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆ ಇವತ್ತಿಗೂ ನಮ್ಮ ಜಿಲ್ಲೆಯನ್ನು ಬಿಟ್ಟಿಲ್ಲ. ಇನ್ನು ಮಲೇರಿಯಾ. ನಮ್ಮ ಅಜ್ಜಂದಿರ ಕಾಲದಲ್ಲಿ ಮಲೆನಾಡಿನ ಹಳ್ಳದ ಸೊಳ್ಳೆ ಊರೂರನ್ನೇ ಚಳಿಜ್ವರದಲ್ಲಿ ಮಲಗಿಸುತ್ತಿತ್ತು, ನಿಜ. ಆದರೆ ಅಜ್ಜನ ಚಳಿಜ್ವರದ ಪುಣ್ಯ ಮೊಮ್ಮಗನಿಗೆ ಬರೋದಿಲ್ಲ. ಕೀನ್ಯಾದಲ್ಲೇ ಹುಟ್ಟಿ ಬೆಳೆದವರು ಕೂಡ ನಾಲ್ಕಾರು ವರ್ಷ ಹೊರದೇಶದಲ್ಲಿದ್ದು ಊರಿಗೆ ಹೋಗುವಾಗ ಮಾತ್ರೆ ತಗೊಳ್ಳಬೇಕು. ಆ ತಡೆಯುವ ಶಕ್ತಿ ಅಷ್ಟು ಬೇಗ ಕರಗಿಹೋಗುತ್ತದೆ.

ಅವರ ಎರಡನೇ ವಾದ, "ಆಫ್ರಿಕಾ ಇಂಜೆಕ್ಷನ್ ಆಗಿದೆಯಲ್ಲ!" ಅದು ಹಳದಿ ಜ್ವರದ ಲಸಿಕೆ ಸ್ವಾಮಿ. ಹೊರಡಲು ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಳ್ಳಬೇಕು. 2016ರಿಂದ ಒಂದು ಸಲ ಹಾಕಿಸಿಕೊಂಡರೆ ಸರ್ಟಿಫಿಕೇಟು ಜೀವನಪೂರ್ತಿ ನಡೆಯುತ್ತದೆ. ಆದರೆ ಮಲೇರಿಯಾಕ್ಕೂ ಅದಕ್ಕೂ ಸಂಬಂಧವಿಲ್ಲ.

ಗೌಡರು ಒಂಬತ್ತು ದಿನ ಸುತ್ತಿ ಬಂದರು. ಹನ್ನೆರಡನೇ ದಿನಕ್ಕೆ ಜ್ವರ. ಮಳೆಯಲ್ಲಿ ನೆಂದಿದ್ದೇನೆ ಅಂತ ಹತ್ತಿರದಲ್ಲೇ ಎಲ್ಲೋ ತೋರಿಸಿ, ಡ್ರಿಪ್ ಹಾಕಿಸಿಕೊಂಡು, ಮೂರು ದಿನ ಕಳೆದು ನನ್ನ ಹತ್ತಿರ ಬಂದರು. ಅವತ್ತು ಹೊರಗೆ ನಲವತ್ತು ಜನ. ಆಗಸ್ಟ್ ತಿಂಗಳು, ಪ್ಲೇಟ್‌ಲೆಟ್ ಕಮ್ಮಿ. ನಾನೂ ಡೆಂಗ್ಯೂ ಅಂದುಕೊಂಡೆ. ಆಗ ಅವರ ಹೆಂಡತಿ ಹೊರಗೆ ಕೂತು ನಮ್ಮ ಸಿಸ್ಟರ್‌ಗೆ ಮೊಬೈಲಿನಲ್ಲಿ ಏನೋ ತೋರಿಸುತ್ತಿದ್ದರು. "ಅಯ್ಯೋ, ಎಷ್ಟು ಹತ್ತಿರ ಇದೆಯಮ್ಮಾ ಸಿಂಹ!" ಅನ್ನೋದು ಒಳಗೆ ಕೇಳಿಸಿತು. ಮಾತ್ರೆ ಬರೆದುಕೊಟ್ಟವನು ನಾನೇ. ನನಗೇ ಮರೆತುಹೋಗಿತ್ತು. ಅರ್ಧ ಗಂಟೆಯಲ್ಲಿ ರಕ್ತದಲ್ಲಿ ಫಾಲ್ಸಿಪೇರಂ ಸಿಕ್ಕಿತು. ಮಲೇರಿಯಾದಲ್ಲೇ ಕೆಟ್ಟ ಜಾತಿ ಅದು. ಕಣ್ಣು ಆಗಲೇ ಹಳದಿಯಾಗಿತ್ತು. ದೊಡ್ಡ ಆಸ್ಪತ್ರೆಗೆ ಕಳಿಸಿ, ಆರ್ಟೆಸುನೇಟ್ ಇಂಜೆಕ್ಷನ್ ಕೊಡಿಸಿ ಉಳಿಸಿಕೊಂಡದ್ದಾಯಿತು.

ಹುಷಾರಾಗಿ ಬಂದಾಗ ಉಳಿದ ಮಾತ್ರೆ ತನ್ನಿ ಅಂದಿದ್ದೆ. ಬರೆದುಕೊಟ್ಟಿದ್ದು ಡಾಕ್ಸಿಸೈಕ್ಲಿನ್, ದಿನಕ್ಕೊಂದು, ಹತ್ತು ಮಾತ್ರೆಯ ನಾಲ್ಕು ಸ್ಟ್ರಿಪ್. ಹೊರಡುವ ಮುಂಚೆ ಎರಡು ದಿನ, ಅಲ್ಲಿ ಒಂಬತ್ತು ದಿನ, ಬಂದ ಮೇಲೆ 28 ದಿನ. ಮೇಜಿನ ಮೇಲೆ ಎಣಿಸಿದೆ. ಎರಡು ಸ್ಟ್ರಿಪ್ ಹಾಗೇ ಇದೆ. ಇನ್ನೊಂದರಲ್ಲಿ ಒಂದೇ ಒಂದು ಗೂಡು ಖಾಲಿ. ಅಂದರೆ ನುಂಗಿದ್ದು ಹನ್ನೊಂದು.

"ಇದೇನು ಗೌಡ್ರೇ?"

"ಊರಿಗೆ ಬಂದಾಯ್ತಲ್ಲ ಡಾಕ್ಟ್ರೇ. ಸುಮ್ನೆ ಯಾಕೆ ಅಂತ ಮುಂದಿನ ಸಲಕ್ಕೆ ಇಟ್ಟೆ. ಅಲ್ಲಿ ಸೊಳ್ಳೆನೂ ಇರಲಿಲ್ಲ. ರಾತ್ರಿ ಬಾಬಾಬುಡನ್‌ಗಿರಿ ಥರ ಚಳಿ."

ಮಲೇರಿಯಾ ಸೊಳ್ಳೆ ಗುಂಯ್‌ಗುಡುತ್ತಾ ಹಿಂಡು ಕಟ್ಟಿಕೊಂಡು ಬರಬೇಕಿಲ್ಲ. ಸಂಜೆ ಕತ್ತಲಾದ ಮೇಲೆ, ಬೆಂಕಿ ಹಾಕಿಕೊಂಡು ಊಟಕ್ಕೆ ಕೂತಾಗ, ಮೇಜಿನ ಕೆಳಗೆ ಕಾಲಿಗೆ ಒಂದು ಕಚ್ಚಿದರೆ ಸಾಕು. ಆದರೆ ನಾನು ಆ ಜಗಳಕ್ಕೆ ಹೋಗಲಿಲ್ಲ. ಅವರ ಭಾಷೆಯಲ್ಲೇ ಕೇಳಿದೆ. "ಅರೇಬಿಕಾ ಕಾಂಡಕ್ಕೆ ಬೋರರ್ ಔಷಧಿ ಹೊಡೆಸ್ತೀರಲ್ಲ, ಹುಳ ಒಳಗೆ ಹೊಕ್ಕ ಮೇಲೆ ಹೊಡೆದರೆ ಸಾಯುತ್ತಾ?"

"ಎಲ್ಲಿ ಸಾಯುತ್ತೆ? ಒಳಗೆ ಹೋದ ಮೇಲೆ ಗಿಡ ಕಿತ್ತು ಸುಡೋದೇ."

ನಾನು ಹಾಗೆ ಹೇಳುವಂತಿಲ್ಲವಲ್ಲ.

ನೋಡಿ, ಸೊಳ್ಳೆ ಕಚ್ಚಿದ ಒಂದು ಗಂಟೆಯೊಳಗೆ ಮಲೇರಿಯಾ ಕ್ರಿಮಿ ಲಿವರ್ ಸೇರಿಬಿಡುತ್ತದೆ. ಕಾಂಡದೊಳಗಿನ ಹುಳದ ಹಾಗೆ. ಅಲ್ಲಿ ಒಂದೆರಡು ವಾರ ಬೆಳೆಯುತ್ತದೆ, ಕೆಲವೊಮ್ಮೆ ಜಾಸ್ತಿ. ಆಗ ಜ್ವರವಿಲ್ಲ, ನೋವಿಲ್ಲ, ರಕ್ತ ಪರೀಕ್ಷೆಯಲ್ಲೂ ಕಾಣೋದಿಲ್ಲ. ಆಮೇಲೆ ಸಾವಿರಗಟ್ಟಲೆ ಮರಿಗಳು ಒಟ್ಟಿಗೆ ರಕ್ತಕ್ಕೆ ಇಳಿಯುತ್ತವೆ. ಡಾಕ್ಸಿಸೈಕ್ಲಿನ್ ಹೊಡೆಯೋದು ಮುಖ್ಯವಾಗಿ ರಕ್ತಕ್ಕೆ ಇಳಿದದ್ದನ್ನು. ಲಿವರಿನಲ್ಲಿ ಅಡಗಿದ್ದು ಅದಕ್ಕೆ ಸರಿಯಾಗಿ ಸಿಗೋದಿಲ್ಲ. ಈಗ ನೀವೇ ಲೆಕ್ಕ ಹಾಕಿ. ಕೊನೇ ರಾತ್ರಿ ಕಚ್ಚಿದ ಸೊಳ್ಳೆಯ ಕ್ರಿಮಿ ನಿಮ್ಮ ಜೊತೆಗೇ ವಿಮಾನ ಹತ್ತಿ, ಕಡೂರು ದಾಟಿ ಮನೆಗೆ ಬಂದು, ನೀವು ಮಾತ್ರೆ ಎತ್ತಿಟ್ಟ ಮೇಲೆ ಹೊರಗೆ ಬರುತ್ತದೆ. ಬಂದ ಮೇಲಿನ 28 ಮಾತ್ರೆ ಇರೋದು ಆ ಹೊತ್ತಿಗೆ. ಸಫಾರಿಯಲ್ಲಿ ನುಂಗಿದ್ದಕ್ಕಿಂತ ಮನೆಯಲ್ಲಿ ನುಂಗೋದೇ ಜಾಸ್ತಿ. ವಿಚಿತ್ರ ಅನ್ನಿಸಿದರೂ ಲೆಕ್ಕ ಅದೇ.

"ನನ್ನ ಭಾವನಿಗೆ ಏಳೇ ದಿನ ಅಂದರಂತೆ" ಅನ್ನುವವರಿದ್ದಾರೆ. ಅದು ಅಟೋವಕ್ವೋನ್-ಪ್ರೊಗ್ವಾನಿಲ್, ಬೇರೆ ಮಾತ್ರೆ. ಅದು ಲಿವರಿನೊಳಗೂ ಕೆಲಸ ಮಾಡುತ್ತದೆ, ಅದಕ್ಕೇ ಬಂದ ಮೇಲೆ ಏಳು ದಿನ. ಮೆಫ್ಲೋಕ್ವಿನ್ ವಾರಕ್ಕೊಂದು, ಬಂದ ಮೇಲೆ ನಾಲ್ಕು ವಾರ. ಹಳೇ ಕ್ಲೋರೋಕ್ವಿನ್ ಆಫ್ರಿಕಾದ ಫಾಲ್ಸಿಪೇರಂಗೆ ನಂಬಿಕೆಯದ್ದಲ್ಲ. ಯಾವುದು ಯಾರಿಗೆ ಅನ್ನೋದನ್ನು ನಿಮ್ಮನ್ನು ನೋಡಿದ ಡಾಕ್ಟರೇ ಹೇಳಬೇಕು. ಈ ಅಂಕಣ ಹಿಡಿದುಕೊಂಡು ಮೆಡಿಕಲ್ ಶಾಪಿಗೆ ಹೋಗಬೇಡಿ. ಡಾಕ್ಸಿಸೈಕ್ಲಿನ್ ಬಸುರಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಸಾಮಾನ್ಯವಾಗಿ ಕೊಡೋದಿಲ್ಲ. ನುಂಗಿದವರು ಒಂದು ಲೋಟ ತುಂಬಾ ನೀರು ಕುಡಿಯಬೇಕು, ತಕ್ಷಣ ಮಲಗಬಾರದು, ಇಲ್ಲದಿದ್ದರೆ ಅನ್ನನಾಳ ಸುಟ್ಟಂತಾಗುತ್ತದೆ. ಬಿಸಿಲಿಗೆ ಮೈ ಬೇಗ ಕೆಂಪಾಗುತ್ತದೆ. ಎದೆಯುರಿ ಅಂತ ನಿಲ್ಲಿಸುವ ಮುಂಚೆ ಒಂದು ಫೋನ್ ಮಾಡಿ, ಬೈಯೋದಿಲ್ಲ.

ಪೂರ್ತಿ ನುಂಗಿದವರಿಗೂ ನೂರಕ್ಕೆ ನೂರು ಗ್ಯಾರಂಟಿ ಇಲ್ಲ. ಹಾಗಾಗಿ ಬಂದು ಒಂದು ವರ್ಷದವರೆಗೆ, ಅದರಲ್ಲೂ ಮೊದಲ ಮೂರು ತಿಂಗಳಲ್ಲಿ ಜ್ವರ ಬಂದರೆ, ಡಾಕ್ಟರ ಮುಂದೆ ಕೂತ ತಕ್ಷಣ ಮೊದಲ ಮಾತೇ "ಆಫ್ರಿಕಾಕ್ಕೆ ಹೋಗಿದ್ದೆ" ಅಂತಿರಲಿ. ಮೊದಲ ಪರೀಕ್ಷೆ ನೆಗೆಟಿವ್ ಬಂದರೂ 12ರಿಂದ 24 ಗಂಟೆ ಬಿಟ್ಟು ಮತ್ತೆ ಮಾಡಿಸಬೇಕು, ಬೇಕಾದರೆ ಮೂರನೇ ಸಲವೂ. ನಾಳೆ ನೋಡೋಣ ಅನ್ನುವ ಜ್ವರ ಇದಲ್ಲ.

ಇನ್ನೊಂದು ಸಣ್ಣ ವಿಷಯ. ಜೀನ್ಸ್ ಮನೆಯಲ್ಲೇ ಬಿಡಿ. ತ್ಸೆತ್ಸೆ ನೊಣಕ್ಕೆ ಕಡು ನೀಲಿ, ಕಪ್ಪು ಅಂದರೆ ಪ್ರಾಣ. ಅದನ್ನು ಹಿಡಿಯುವ ಬಲೆಗಳನ್ನೇ ಆ ಬಣ್ಣದ ಬಟ್ಟೆಯಲ್ಲಿ ಮಾಡುತ್ತಾರೆ. ಹಗಲಲ್ಲೇ, ಓಡುವ ಜೀಪನ್ನೂ ಅಟ್ಟಿಸಿಕೊಂಡು ಬಂದು ತೆಳು ಬಟ್ಟೆಯ ಮೇಲಿಂದಲೇ ಕಚ್ಚುತ್ತದೆ. ಸೊಳ್ಳೆಗೆ ಹಚ್ಚುವ ಕ್ರೀಮಿಗೆ ಅದು ಅಷ್ಟಾಗಿ ಹೆದರೋದಿಲ್ಲ. ಅದರಿಂದ ನಿದ್ರೆ ಕಾಯಿಲೆ ಹತ್ತುವ ಪ್ರವಾಸಿಗಳು ಬಹಳ ಕಮ್ಮಿ. ಆದರೆ ಕಚ್ಚಿದ ನೋವು ಎಲ್ಲರಿಗೂ ಗ್ಯಾರಂಟಿ. ತೋಟಕ್ಕೆ ಹಾಕಿಕೊಳ್ಳುವ ಮಣ್ಣು ಬಣ್ಣದ ದಪ್ಪ ಅಂಗಿ ಇದೆಯಲ್ಲ, ಅದೇ ಸರಿ.

ಗೌಡರು ಈಗಲೂ ಬರುತ್ತಾರೆ. ಹೋದ ವಾರ ಟವೆಲಿನಲ್ಲಿ ಮೂಗು ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತರು. "ಡಾಕ್ಟ್ರೇ, ಆಫ್ರಿಕಾಕ್ಕೆ ಹೋಗಿಲ್ಲ. ಬರೀ ನೆಗಡಿ" ಅಂದು ಆಮೇಲೆ ಕೂತರು.